ಕಾಲು ಮುಂದಾಗಿ ಹುಟ್ಟಿದವಳ ಕುತ್ತಿಗೆ

ನನ್ನ ಬಲಗಿವಿಯ ಒಳಗೆ, ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ, ಒಂದು ಗಂಟು ವಾಸವಾಗಿದೆ. ಬಟಾಣಿಗಿಂತ ದೊಡ್ಡದು, ಹುಣಸೆಬೀಜಕ್ಕಿಂತ ಸಣ್ಣದು. ಕಲಬುರಗಿಯ ಡಾಕ್ಟರು ಅದರ ಫೋಟೋವನ್ನು ಬೆಳಕಿಗೆ ಹಿಡಿದು, ಮದುವೆ ಸಂಬಂಧ ತಂದವರು ಹುಡುಗನ ಗುಣ ಹೇಳುವ ಧಾಟಿಯಲ್ಲಿ ಹೇಳಿದರು: ಕ್ಯಾನ್ಸರ್ ಅಲ್ಲ, ಎಲ್ಲಿಗೂ ಹರಡುವುದಿಲ್ಲ, ಬೆಳೆದರೂ ನಿಧಾನ, ಒಟ್ಟಿನಲ್ಲಿ ಸಾಧು ಸ್ವಭಾವ. ನಮ್ಮ ಮನೆತನದಲ್ಲಿ ಸಾಧು ಎಂದು ಸರ್ಟಿಫಿಕೇಟು ಪಡೆದ ಮೊದಲ ಸದಸ್ಯ ಅದೇ ಇರಬೇಕು. ಈ ಸಾಧುಪುರುಷ ಬಂದು ಮಾಡಿದ ಕೆಲಸ ಇಷ್ಟು: ಬಲಗಿವಿಯನ್ನು ಮುಚ್ಚಿಸಿದ, ಒಳಗೆ ಸೀಟಿ ಹೊಡೆಯದೆ ಬರೀ ಬುಸುಗುಡುವ ಒಂದು ಕುಕ್ಕರ್ ಇಟ್ಟ, ನಡೆಯುವಾಗ ನೆಲವನ್ನು ತುಸು ಬಲಕ್ಕೆ ವಾಲಿಸಿದ. ಇವನ್ನೆಲ್ಲ ಕ್ಷಮಿಸಬಹುದು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಒಂದು ಕಿವಿ ಕಡಿಮೆಯಾದರೆ ಅದು ಪಿಂಚಣಿಯ ಭಾಗವೆಂದೇ ತಿಳಿಯಬೇಕು. ಕ್ಷಮಿಸಲಾಗದ್ದು ಕುತ್ತಿಗೆ. ಕಿವಿಯ ಹಿಂದಿನಿಂದ ಹೆಗಲಿನ ತನಕ ಯಾರೋ ಹಸಿ ಹಗ್ಗ ಹೊಸೆದು ಕಟ್ಟಿ, ಅದು ಒಣಗುತ್ತ ಬಿಗಿಯುವುದನ್ನು ನೋಡುತ್ತ ಕೂತ ಹಾಗೆ.

"ಗಂಟಿನ ಮಾತು ಬಿಡ್ರಿ ಡಾಕ್ಟರೇ. ಈ ಕುತ್ತಿಗಿದು ಏನು ಹೇಳ್ರಿ."

"ಕುತ್ತಿಗಿಗಿ ಗಂಟು ಏನೂ ಮಾಡಿಲ್ರಿ ಅಮ್ಮಾ. ಬಲಗಿವಿ ಕೇಳಂಗಿಲ್ಲಂತ ಎಡಗಿವಿ ಮುಂದ ಮಾಡಿ ದಿನಾ ಕುತ್ತಿಗಿ ತಿರುವ್ತೀರಿ. ತೋಲ ತಪ್ಪಿ ಬೀಳ್ತೀನಂತ ಅಂಜಿ, ತಲಿ ಅಲಗಾಡದಂಗ ಬಿಗಿ ಹಿಡೀತೀರಿ. ಅದಕ್ಕೇ ನೂಸತದ."

"ಮತ್ತ ಔಷಧ?"

"ಕುತ್ತಿಗಿಗಿ ವ್ಯಾಯಾಮ. ಗಂಟಿಗಿ ಆರು ತಿಂಗಳಿಗೊಮ್ಮೆ ಫೋಟೋ. ಸದ್ಯಕ್ಕ ಕಾದು ನೋಡೋಣ್ರಿ."

ಎದ್ದು ಬಾಗಿಲ ತನಕ ಹೋದವಳು, ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಯೊಂದನ್ನು ಹೊರಗೆ ತೆಗೆದೆ.

"ಸಣ್ಣಾಕಿ ಇದ್ದಾಗ ಇದೇ ಕಿವಿ ಹಿಂಡತಿದ್ರು. ದಿನಾ. ಅದಕ್ಕೇನರ ಹಿಂಗ ಆಗ್ಯದೇನ್ರಿ?"

ಡಾಕ್ಟರು ನಕ್ಕರು.

"ಕಿವಿ ಹಿಂಡಿದ್ರ ಗಂಟು ಆಗಂಗಿದ್ರ, ನಮ್ಮ ಕಡಿ ಒಬ್ಬರಿಗೂ ಬಿಡ್ತಿದ್ದಿಲ್ರಿ."

ಹೀಗೆ ಕಿವಿಯ ಮೊಕದ್ದಮೆಯಲ್ಲಿ ನಮ್ಮ ದೊಡ್ಡಪ್ಪ ಖುಲಾಸೆಯಾದ. ಕುತ್ತಿಗೆಯ ಮೊಕದ್ದಮೆ ಬೇರೆ. ಅದು ನನ್ನ ಕುತ್ತಿಗೆಯದಲ್ಲ, ಅವ್ವನದು. ಅದನ್ನು ಇಲ್ಲಿ ನಡೆಸುತ್ತೇನೆ. ವಾದಿ ನಾನೇ, ನ್ಯಾಯಾಧೀಶಳೂ ನಾನೇ. ಪ್ರತಿವಾದಿ ತೀರಿಕೊಂಡು ಬಹಳ ವರ್ಷವಾದ್ದರಿಂದ ವಿಚಾರಣೆ ಪೂರ್ತಿ ನಿಷ್ಪಕ್ಷಪಾತವಾಗಿ ನಡೆಯಲು ಅಡ್ಡಿಯಿಲ್ಲ. ದೊಡ್ಡಪ್ಪನಿಗೆ ಬಹುವಚನ ಹಚ್ಚಿಯೇ ಮಾತಾಡಬೇಕೆಂದು ನಮ್ಮ ಮನೆಯ ಕಾನೂನಿತ್ತು. ನಾನು ಏಕವಚನದಲ್ಲಿ ಬರೆಯುತ್ತಿದ್ದೇನೆ. ಇದನ್ನು ಸೇಡಿನ ಮೊದಲ ಕಂತು ಎಂದು ತಿಳಿಯಬೇಕು.

ಮನೆ ಇದ್ದದ್ದು ಕಮಲಾಪುರದಲ್ಲಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಬೀದಿಗೆ ಮುಖ ಮಾಡಿ ಎತ್ತರದ ಒಂದು ಕಟ್ಟೆ, ಕಟ್ಟೆಯ ಮೇಲೆ ದೊಡ್ಡಪ್ಪ. ಕಟ್ಟೆ ಮೊದಲು ಹುಟ್ಟಿತೋ ದೊಡ್ಡಪ್ಪ ಮೊದಲೋ ಎಂಬುದು ಸಣ್ಣಂದಿನಲ್ಲಿ ನನಗೆ ಬಗೆಹರಿಯದ ಸಂಗತಿಯಾಗಿತ್ತು. ಒಳಗೆ ಪಡಸಾಲೆ, ಅದರಾಚೆ ಎರಡು ಒಲೆಗಳ ಅಡುಗೆಮನೆ, ಅದರ ಹಿಂದೆ ಕಿಟಕಿಯೇ ಇಲ್ಲದ ಒಂದು ಕೋಣೆ. ತೋಟದಿಂದ ಬಂದ ಕೆಂಪು ಬಾಳೆಗೊನೆಗಳನ್ನು ಅಲ್ಲಿ ಹುಲ್ಲು ಮುಚ್ಚಿ, ಹೊಗೆ ಹಾಕಿ, ಬಾಗಿಲ ಸಂದಿಗೆ ಮಣ್ಣು ಮೆತ್ತಿ ಹಣ್ಣಿಗಿಡುತ್ತಿದ್ದರು. ಆ ಬಾಗಿಲು ಒಡೆದ ದಿನ ಮನೆಯ ಗೋಡೆಗಳೂ ಸಿಹಿಯಾಗುತ್ತಿದ್ದವು. ಮಕ್ಕಳು ನಾವು ಗೋಡೆ ನೆಕ್ಕುವುದೊಂದು ಬಾಕಿ. ಕೆಂಪು ಬಾಳೆಯ ಸಿಪ್ಪೆ ರಾಜಮನೆತನದ್ದು. ಗಾಡಿಯಲ್ಲಿ ತಂದರೆ ಕುಲುಕಾಟಕ್ಕೆ ಮೈಮೇಲೆ ಕಪ್ಪು ಕಲೆ ಏಳುತ್ತದೆ, ಕಲೆ ಕಂಡ ವ್ಯಾಪಾರಿ ಮೂಗು ಮುರಿಯುತ್ತಾನೆ. ಆದ್ದರಿಂದ ಗೊನೆ ಕಡಿಯುವುದು ಗಂಡಸರ ಕೈ, ಹೊರುವುದು ಹೆಂಗಸರ ತಲೆ ಎಂದು ನಮ್ಮ ಮನೆಯಲ್ಲಿ ಕೆಲಸ ಹಂಚಿಕೆಯಾಗಿತ್ತು. ತಲೆಯ ಮೇಲೆ ಬಟ್ಟೆ ಸುತ್ತಿದ ಸಿಂಬೆ, ಸಿಂಬೆಯ ಮೇಲೆ ಗೊನೆ. ಹಳ್ಳ ದಾಟಿ, ಏರು ಹತ್ತಿ, ಊರ ಅಗಸಿಬಾಗಿಲಿನಿಂದ ಒಳಗೆ. ಹೆಂಗಸಿನ ನಡಿಗೆಯಷ್ಟು ನಯವಾದ ವಾಹನ ಆಗಲೂ ಇರಲಿಲ್ಲ, ಈಗಲೂ ಬಂದಿಲ್ಲ. ಹಣ್ಣಿನ ಸಿಪ್ಪೆಗೆ ಗಾಯವಾದರೆ ಬೆಲೆ ಇಳಿಯುತ್ತಿತ್ತು. ಕುತ್ತಿಗೆಗೆ ಗಾಯವಾದರೆ ಏನೂ ಇಳಿಯುತ್ತಿರಲಿಲ್ಲ.

ಹೆಂಗಸರು ಎಂದೆ, ಅಂದರೆ ಅವ್ವ. ದೊಡ್ಡವ್ವನ ಪಾಲಿಗೆ ದೇವರಮನೆ ಮತ್ತು ಕೀಲಿಕೈ ಗೊಂಚಲು ಬಂದಿದ್ದವು, ಎರಡೂ ಹಗುರ. ಆಯಿ, ಅಪ್ಪನ ತಾಯಿ, ಪಡಸಾಲೆಯ ಕಂಬಕ್ಕೆ ಒರಗಿ ಕೂತು ಧರ್ಮಸೂಕ್ಷ್ಮಗಳನ್ನು ನೋಡಿಕೊಳ್ಳುತ್ತಿದ್ದಳು. ಅಪ್ಪನಿಗೂ ಒಂದು ಕುತ್ತಿಗೆ ಇತ್ತು. ಅದು ಮೇಲೆ ಕೆಳಗೆ ಮಾತ್ರ ಆಡುತ್ತಿತ್ತು. ಅಣ್ಣನ ಮಾತಿಗೆ ಅದು ಅಡ್ಡಡ್ಡ ಆಡಿದ್ದನ್ನು ಕಂಡವರಿಲ್ಲ. ಅವ್ವನ ಕುತ್ತಿಗೆ ಯಾವ ದಿನ ಹಿಡಿಯಿತೋ ನನಗೆ ತಿಳಿಯದು. ನನಗೆ ನೆನಪು ಶುರುವಾಗುವ ಹೊತ್ತಿಗೆ ಅದು ಎಡಕ್ಕೆ ವಾಲಿಯೇ ಇತ್ತು. ಬಲಗಡೆಯಿಂದ ಯಾರಾದರೂ ಕರೆದರೆ ಅವಳ ತಲೆ ತಿರುಗುತ್ತಿರಲಿಲ್ಲ, ಇಡೀ ಮೈ ತಿರುಗುತ್ತಿತ್ತು, ತುಂಬಿದ ಎತ್ತಿನ ಗಾಡಿ ಇಕ್ಕಟ್ಟು ಓಣಿಯಲ್ಲಿ ತಿರುಗಿದ ಹಾಗೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಬಲಗೈ ಬಡಿಯುತ್ತಿತ್ತು, ಎಡಗೈ ಆಗಾಗ ಮೇಲೆದ್ದು ಕುತ್ತಿಗೆಯನ್ನು ಒಮ್ಮೆ ಹಿಡಿದು ಮತ್ತೆ ಕೆಳಗಿಳಿಯುತ್ತಿತ್ತು. ಆ ತಟ್ ತಟ್ ಸದ್ದಿನ ನಡುವಿನ ಮೌನವನ್ನು ಕೇಳಿಯೇ ನಾನು ಹಾಸಿಗೆಯಲ್ಲಿ ಅವತ್ತಿನ ನೋವು ಎಷ್ಟೆಂದು ತಿಳಿಯುತ್ತಿದ್ದೆ. ನನ್ನ ಕಿವಿಗಳು ಆಗ ಎರಡೂ ಚುರುಕಾಗಿದ್ದವು.

ತಮ್ಮನ ಹೆಂಡತಿ ಭಾವನ ಎದುರು ಬಾಯಿ ತೆರೆಯುವಂತಿಲ್ಲ ಎಂಬುದು ಇನ್ನೊಂದು ಕಾನೂನು. ಹೇಳುವುದಿದ್ದರೆ ನಡುವೆ ಒಂದು ಮಗು ಬೇಕು. ಆ ಹುದ್ದೆ ನನ್ನದು. ಅವ್ವ ಅಡುಗೆಮನೆಯ ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಲ್ಲುವಳು, ದೊಡ್ಡಪ್ಪ ಆರು ಮಾರು ದೂರದ ಕಟ್ಟೆಯ ಮೇಲೆ ಕೂಡುವನು. ಇಬ್ಬರ ಮಾತೂ ಇಬ್ಬರಿಗೂ ಸ್ವಚ್ಛ ಕೇಳುತ್ತಿತ್ತು, ಆದರೂ ಅದು ನನ್ನ ಬಾಯಿಂದ ಹಾದು ಹೋಗದೆ ಮುಟ್ಟಿದಂತೆ ಆಗುತ್ತಿರಲಿಲ್ಲ.

"ಜಗದೇವಿ, ನಿಮ್ಮ ದೊಡ್ಡಪ್ಪಗ ಹೇಳು. ಕುತ್ತಿಗಿ ಭಾಳ ನೂಸಲಾಕತ್ತದ, ಇವತ್ತೊಂದಿನ ಗೊನಿ ಹೊರೂದು ಆಗಂಗಿಲ್ಲ."

"ದೊಡ್ಡಪ್ಪಾ, ಅವ್ವನ ಕುತ್ತಿಗಿ ಭಾಳ ನೂಸಲಾಕತ್ತದಂತ್ರಿ..."

"ಕೇಳಸ್ಯದ ತಗೊ. ನಿಮ್ಮವ್ವಗ ಹೇಳು, ಕುತ್ತಿಗಿ ಬ್ಯಾನಿ ಅಂಬೋದು ದುಡೀಲಾರ್ದವರ ಬ್ಯಾನಿ. ಉಣ್ಣುವಾಗ ಎಲ್ಲಿಗಿ ಹೋಗಿರ್ತದ ಆ ಬ್ಯಾನಿ? ಕರದ್ರ ಹೊಳ್ಳಿ ಸೈತ ನೋಡಂಗಿಲ್ಲ. ಸೊಕ್ಕಿಗಿ ಬ್ಯಾನಿ ಅಂತ ಹೆಸರಿಟ್ಟಾಳ. ಎಲ್ಲಾ ಸೋಗು!"

ಸುದ್ದಿ ಮುಟ್ಟಿದ್ದಕ್ಕೆ ರಸೀದಿಯಾಗಿ ನನ್ನ ಬಲಗಿವಿ ಹಿಂಡಿ ಕಳಿಸುತ್ತಿದ್ದ. ನಾನು ಆರು ಮಾರು ಹಿಂದಿರುಗಿ ಬರುವಷ್ಟರಲ್ಲಿ ಅವ್ವ ಸಿಂಬೆ ಸುತ್ತಿಕೊಂಡಿರುತ್ತಿದ್ದಳು. ಆ ಒಂದು ಮಾತು, ಅವ್ವನ ಕುತ್ತಿಗೆ ನೋಯುತ್ತಿದೆ ಎಂಬ ಮಾತು, ನನ್ನ ಬಾಯಿಂದ ಎಷ್ಟು ಸಲ ಹೋಯಿತೋ ಲೆಕ್ಕವಿಲ್ಲ. ಒಂದು ಸಲವೂ ಆ ಕಟ್ಟೆ ಅದನ್ನು ಖರೆ ಎಂದು ಒಪ್ಪಲಿಲ್ಲ.

ಇನ್ನು ನನ್ನ ಕಾಲಿನ ವಿಷಯ. ಮಕ್ಕಳೆಲ್ಲ ತಲೆ ಮುಂದೆ ಮಾಡಿ ಲೋಕಕ್ಕೆ ಬರುತ್ತಾರೆ. ನಾನು ಕಾಲು ಮುಂದೆ ಮಾಡಿ ಬಂದೆ. ಹೆರಿಗೆ ಮಾಡಿಸಿದ ಮುದುಕಿ ಹೊರಗೆ ಬಂದು ಹೇಳಿದಾಗ ಆಯಿ ತಲೆಗೆ ಕೈ ಹೊತ್ತು, ಈ ಪೋರಿ ಮನಿ ಒದ್ದು ಹೋಗ್ತಾಳ, ಅಂದಳಂತೆ. ಆದರೆ ಅಪಶಕುನಕ್ಕೂ ಒಂದು ಉಪಯೋಗವಿತ್ತು. ಸೊಂಟ ಹಿಡಿದವರು, ಬೆನ್ನು ಉಳುಕಿದವರು, ಕುತ್ತಿಗೆ ಹಿಡಿದವರು ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಹಿಡಿತ ಬಿಡುತ್ತದೆ ಎಂಬುದು ನಮ್ಮ ಕಡೆ ಸರ್ವಸಮ್ಮತ. ಹಾಗಾಗಿ ನಾಲ್ಕನೆಯ ವಯಸ್ಸಿಗೇ ನನಗೆ ವೃತ್ತಿ ಸಿಕ್ಕಿತು. ಮಹಾಗಾಂವದಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ರೋಗಿ ಬೀದಿಗೆ ಮುಖ ಮಾಡಿ ತಲಬಾಗಿಲ ಹೊಸ್ತಿಲ ಮೇಲೆ ಕೂಡಬೇಕು. ನಾನು ಹಿಂದೆ ನಿಂತು ಬಲಗಾಲಿನ ಹೆಬ್ಬೆರಳನ್ನು ನೋವಿನ ಜಾಗಕ್ಕೆ ಮೂರು ಸಲ ಮುಟ್ಟಿಸಬೇಕು. ಒದೆ ಎಂಬುದು ಹೆಸರಿಗೆ. ಬೆಕ್ಕು ಬಾಲ ಸವರಿದಷ್ಟು. ಆಮೇಲೆ ಹಿರಿಯರಿಗೆ ಕಾಲು ತಾಗಿಸಿದ ಪಾಪಕ್ಕೆ ಅವರ ಪಾದ ಮುಟ್ಟಿ ನಮಸ್ಕರಿಸಬೇಕು, ಅವರು ನನ್ನ ಕೈಗೆ ಬೆಲ್ಲದ ಹರಳು ಇಡಬೇಕು. ಎಷ್ಟು ಜನರಿಗೆ ವಾಸಿಯಾಯಿತೋ ನಾನರಿಯೆ. ಬೆಲ್ಲವಂತೂ ಖರೆ.

ಊರ ಬೆನ್ನುಗಳನ್ನೆಲ್ಲ ರಿಪೇರಿ ಮಾಡುವವಳು ಮನೆಯ ಕುತ್ತಿಗೆಯನ್ನೇಕೆ ಬಿಟ್ಟೆ ಎಂದು ಕೇಳಬೇಡಿ. ಕೇಳಿದ್ದೆ.

"ಆಯೀ, ಅವ್ವಗೂ ನಾ ಒದೀಲೇನು? ಮೂರೇ ಸಲ?"

"ಮುಚ್ಚು ಬಾಯಿ! ಹೆತ್ತಾಕಿಗಿ ಕಾಲ್ ಹಚ್ತಾರೇನು? ಹುಟ್ಟುವಾಗೇ ಒದ್ದಿ ಬಂದಿ, ಅಷ್ಟು ಸಾಕು."

ಇದು ಧರ್ಮಸೂಕ್ಷ್ಮ. ಯಾರ ನೋವು ನೋವೆಂದು ನನಗೆ ಗೊತ್ತಿತ್ತೋ ಅವಳೊಬ್ಬಳಿಗೆ ನನ್ನ ಕಾಲು ನಿಷಿದ್ಧ.

ಎಳ್ಳಮಾಸಿ ಬಂತು. ನಮ್ಮ ಕಡೆಯ ರೈತರಿಗೆ ಎಲ್ಲ ಹಬ್ಬಗಳ ತಲೆಯ ಮೇಲಿನ ಹಬ್ಬ ಅದು. ಸಜ್ಜೆ ರೊಟ್ಟಿ, ಇದ್ದಬದ್ದ ಕಾಯಿಪಲ್ಯ ಹಸಿಕಾಳೆಲ್ಲ ಕೂಡಿಸಿ ಕುದಿಸಿದ ಭಜ್ಜಿ, ಗಡಿಗೆ ಅಂಬಲಿ, ಎಲ್ಲವನ್ನೂ ಬುಟ್ಟಿಯಲ್ಲಿಟ್ಟು ಹೊಲಕ್ಕೆ ಹೋಗಿ, ಮನೆಯ ಹಿರಿಯ ಬೆಳೆಯ ಸುತ್ತ ಅನ್ನದ ಚರಗ ಚೆಲ್ಲಿದ ಮೇಲೆಯೇ ಊಟ. ಅವ್ವ ಮೂರು ದಿನದಿಂದ ರೊಟ್ಟಿ ಬಡಿದಿದ್ದಳು. ಪದರು ಪದರಾಗಿ ಎದ್ದ ರೊಟ್ಟಿಯ ಗುಡ್ಡದ ಹಿಂದೆ ಅವಳ ವಾಲಿದ ತಲೆ ಸಂಜೆಯ ಸೂರ್ಯನ ಹಾಗೆ ಕಾಣುತ್ತಿತ್ತು. ಹಬ್ಬದ ಮುಂಜಾನೆ ಗಾಡಿ ಸಿಂಗಾರವಾಗಿ ನಿಂತಿತ್ತು, ಮಹಾಗಾಂವದ ಬೀಗರು ಹೊಸ ಧೋತರ ಉಟ್ಟು ಬಂದು ಪಡಸಾಲೆ ತುಂಬಿದ್ದರು. ಆಗ ಒಳಗಿನಿಂದ ಒಂದು ಕೂಗು ಬಂತು. ಎಮ್ಮೆಗೆ ಏನೋ ಆಯಿತೆಂದು ಅಪ್ಪ ಹಿತ್ತಲಿಗೆ ಓಡಿದ. ಎಮ್ಮೆ ಆರೋಗ್ಯವಾಗಿತ್ತು.

"ಯವ್ವಾ, ಸತ್ತೆ! ಕುತ್ತಿಗಿ ಹಿಡಕೊಂಡದ! ಖರೇನ ನೂಸಲಾಕತ್ತದ್ರೋ!"

ದೊಡ್ಡಪ್ಪ ಹೊರಬಂದ. ತಲೆ ಎಡಕ್ಕೆ ವಾಲಿ ಹೆಗಲನ್ನು ಮುಟ್ಟುವಷ್ಟಿತ್ತು. ಬೀಗರು ಬಲಗಡೆ ಇದ್ದರು. ಅವರನ್ನು ನೋಡಲು ಅವನು ಇಡೀ ಮೈ ತಿರುಗಿಸಿದ, ತುಂಬಿದ ಗಾಡಿಯ ಹಾಗೆ. ನಾನು ಬೆರಗಾಗಿ ನಿಂತೆ. ನೋವಿನ ಬೆರಗಲ್ಲ. ಖರೇನ ಎಂದು ಅವನು ಒಂದು ಸಲ ಕೂಗಿದ್ದಕ್ಕೆ ಹದಿನಾಲ್ಕು ಜನ ಒಮ್ಮೆಗೇ ನಂಬಿಬಿಟ್ಟರಲ್ಲ, ಅದರ ಬೆರಗು. ಯಾರೂ ಅವನನ್ನು ಉಣ್ಣುವಾಗಿನ ಸಂಗತಿ ಕೇಳಲಿಲ್ಲ. ಒಬ್ಬರು ಎಣ್ಣೆ ಕಾಸಿದರು, ಒಬ್ಬರು ಇಟ್ಟಂಗಿ ಬಿಸಿ ಮಾಡಿ ಬಟ್ಟೆಯಲ್ಲಿ ಸುತ್ತಿದರು, ದೊಡ್ಡವ್ವ ಕೀಲಿಕೈ ಬಿಟ್ಟು ಬೀಸಣಿಗೆ ಹಿಡಿದಳು. ಬಿಸಿಲು ಏರಿತು, ಭಜ್ಜಿ ಆರಿತು, ಚರಗ ಚೆಲ್ಲದೆ ಉಣ್ಣುವಂತಿಲ್ಲ, ಹಿರಿಯನಿಲ್ಲದೆ ಚೆಲ್ಲುವಂತಿಲ್ಲ. ಕೊನೆಗೆ ಆಯಿ ಕಂಬದಿಂದ ಬೆನ್ನು ತೆಗೆದಳು.

"ಮನ್ಯಾಗ ಔಷಧ ಇಟ್ಕೊಂಡು ಊರೆಲ್ಲಾ ಯಾಕ ಒದರ್ತಿ? ಏ ಜಗದೇವಿ, ಬಾ ಇಲ್ಲಿ."

"ಈ ಪೋರಿ ಕೈಲೆ ಒದಿಸ್ಕೋಬೇಕೇನು ನಾ? ಬೀಗರ ಮುಂದ?"

"ಒದಿಸ್ಕೊ, ಇಲ್ಲಂದ್ರ ಹಿಂಗೇ ವಾರೆ ಮಾಡ್ಕೊಂಡು ಹೊಲಕ್ಕ ನಡಿ. ಗುಬ್ಬಿ ನಗ್ತಾವ."

ದೊಡ್ಡಪ್ಪ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತ. ಆ ಅಗಲ ಬೆನ್ನು ಇಷ್ಟು ಹತ್ತಿರದಿಂದ, ನನಗಿಂತ ಕೆಳಗೆ, ಮೊದಲ ಸಲ ಕಂಡೆ. ತಿರುಗಿ ನೋಡಿದೆ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಅವ್ವ ನಿಂತಿದ್ದಳು. ಅವಳು ಏನೂ ಹೇಳಿ ಕಳಿಸಲಿಲ್ಲ. ಆದರೂ ಒಂದು ಸಂದೇಶ ಇದೆ, ಅದನ್ನು ಈ ಸಲ ಬಾಯಿಂದ ಅಲ್ಲದೆ ಬೇರೆ ದಾರಿಯಿಂದ ಮುಟ್ಟಿಸಬೇಕು ಎಂದು ನನಗೆ ಅನಿಸಿತು. ಮೊದಲ ಎರಡು ಸಲ ಶಾಸ್ತ್ರಪ್ರಕಾರ ಹೆಬ್ಬೆರಳು ಮುಟ್ಟಿಸಿದೆ. ಮೂರನೆಯದಕ್ಕೆ ಎರಡು ಹೆಜ್ಜೆ ಹಿಂದೆ ಸರಿದು, ಹಿಮ್ಮಡಿಯಿಂದ, ಹುಟ್ಟಿದಾಗಿನಿಂದ ಕೂಡಿಟ್ಟ ಬಲವನ್ನೆಲ್ಲ ಹಾಕಿ, ಕುತ್ತಿಗೆಯ ಬುಡಕ್ಕೆ ಒದ್ದೆ. ದೊಡ್ಡಪ್ಪ ಹೊಸ್ತಿಲು ಬಿಟ್ಟ, ಕಟ್ಟೆ ಬಿಟ್ಟ, ಮೂರು ಮೆಟ್ಟಿಲುಗಳ ಸಂಬಂಧವನ್ನೂ ಕಡಿದುಕೊಂಡು ಸಿಂಗರಿಸಿದ ಎತ್ತುಗಳ ಕಾಲಡಿಗೆ ಹೋಗಿ ಬಿದ್ದ. ನಡುವೆ ಎಲ್ಲೋ ಒಣ ಕಟ್ಟಿಗೆ ಮುರಿದಂತೆ ಕಟಕ್ ಎಂದಿತು. ಕೊಂದೆ ಎಂದುಕೊಂಡೆ. ಆ ಕ್ಷಣ ನನಗೆ ಆದದ್ದು ಹೆದರಿಕೆಯೇ. ಆದರೆ ಅದರ ರುಚಿ ಬೆಲ್ಲದಂತಿತ್ತೆಂದು ಇಲ್ಲಿ ದಾಖಲಿಸುತ್ತೇನೆ.

ದೊಡ್ಡಪ್ಪ ಎದ್ದು ಕೂತ. ತಲೆ ನೆಟ್ಟಗಿತ್ತು. ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ.

"ಹೋತು!"

"ಏನ್ ಹೋತೋ?"

"ಬ್ಯಾನಿ ಹೋತವ್ವಾ! ಶಬ್ಬಾಶ್ ಪೋರಿ! ಇದಕ್ಕಂತಾರ ಒದಿ!"

ಲೋಕದಲ್ಲಿ ಇಂಥ ಅನ್ಯಾಯ ಇನ್ನೊಂದಿಲ್ಲ. ನಾನು ಕೊಟ್ಟದ್ದು ಶಿಕ್ಷೆ, ಅವನಿಗೆ ಮುಟ್ಟಿದ್ದು ಚಿಕಿತ್ಸೆ. ಬೀಗರು ಜೈಕಾರ ಹಾಕಿದರು. ನನಗೆ ಅವನ ಪಾದ ಮುಟ್ಟಿಸಿದರು, ಕೈಗೆ ಬೆಲ್ಲದ ಅಚ್ಚನ್ನೇ ಇಟ್ಟರು. ನಾನು ಅದನ್ನು ತೆಗೆದುಕೊಂಡು ಓಡಿಹೋಗಿ ಹಣ್ಣಿನ ಕತ್ತಲೆ ಕೋಣೆಯಲ್ಲಿ ಕೂತು ಅತ್ತೆ. ಹಿಂದಿನಿಂದ ಅವ್ವ ಬಂದಳು. ಅಳುತ್ತಿದ್ದಾಳೆ ಎಂದುಕೊಂಡೆ, ಸೆರಗು ಬಾಯಿಗೆ ತುರುಕಿ ಅವಳು ನಗುತ್ತಿದ್ದಳು. ನಾನು ಅವಳ ನಗು ಕಂಡದ್ದು ಅದೊಂದೇ ಸಲ ಅಲ್ಲದಿರಬಹುದು, ಆದರೆ ನೆನಪಿರುವುದು ಅದೊಂದೇ.

"ಎತ್ತಿನ ಕಾಲಾಗ ಬಿದ್ದನಲ್ಲ... ಸಾಕು, ನಗಸಬ್ಯಾಡವ್ವಾ. ನಕ್ಕರ ಕುತ್ತಿಗಿ ನೂಸತದ."

ಹೊಲದಲ್ಲಿ ಊಟಕ್ಕೆ ಕೂತಾಗ ದೊಡ್ಡಪ್ಪ ನೆಟ್ಟಗಿನ ಕುತ್ತಿಗೆಯಿಂದ ಬಹುಮಾನ ಘೋಷಿಸಿದ: ಈ ಪೋರಿ ಕಾಲಾಗ ದಮ್ ಅದ, ಕಲಬುರಗಿಗೆ ಕಳಿಸ್ರಿ, ಸಾಲಿ ಕಲೀಲಿ. ಅಪ್ಪನ ಕುತ್ತಿಗೆ ಮೇಲೆ ಕೆಳಗೆ ಆಡಿತು. ಹೀಗೆ ಒಂದು ಒದೆಯಿಂದ ನನಗೆ ಹೈಸ್ಕೂಲು ಬಂತು, ಕಾಲೇಜು ಬಂತು, ನೌಕರಿ ಬಂತು. ನನ್ನ ಬದುಕೆಲ್ಲ ನಾನು ಕೊಲ್ಲಬಯಸಿದವನ ಕೃಪೆ. ಇದನ್ನು ನುಂಗಿಕೊಳ್ಳಲು ನನಗೆ ಇನ್ನೂ ಆಗಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಕಲಬುರಗಿಗೆ ಬಂದು ತಿಂಗಳಾದ ಮೇಲೆ, ಹಾಸ್ಟೆಲಿನ ತಣ್ಣನೆಯ ರೊಟ್ಟಿ ಮುರಿಯುವಾಗ ಹೊಳೆಯಿತು: ಅವ್ವನ ಮಾತು ಹೊತ್ತು ಆರು ಮಾರು ನಡೆಯುವವರು ಆ ಮನೆಯಲ್ಲಿ ಈಗ ಯಾರೂ ಇಲ್ಲ. ದೊಡ್ಡಪ್ಪನ ಮಗ ಶರಣು ಇದ್ದ, ನನಗಿಂತ ಐದು ವರ್ಷ ಸಣ್ಣವನು. ಅವನು ತನ್ನಪ್ಪನ ತೊಡೆ ಬಿಟ್ಟು ಇಳಿಯುತ್ತಿರಲಿಲ್ಲ. ರಜೆಗೆ ಹೋದಾಗೆಲ್ಲ ನೋಡುತ್ತಿದ್ದೆ. ಅವ್ವ ನೋವಿನ ಮಾತು ಆಡುವುದನ್ನೇ ಬಿಟ್ಟಿದ್ದಳು. ನೋಡು, ನೀ ಹೋದಮ್ಯಾಲೆ ಆರಾಮ ಆಗ್ಯಾಳ, ಎಂದು ದೊಡ್ಡಪ್ಪ ಹೇಳುತ್ತಿದ್ದ.

ಅವ್ವ ತೀರಿಕೊಂಡಾಗ ನಾನು ಮೇಷ್ಟ್ರಮ್ಮ ಆಗಿದ್ದೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಅವ್ವನನ್ನು ಪಡಸಾಲೆಯಲ್ಲಿ ಕೂಡಿಸಿದರು. ತಲೆ ಎಡಕ್ಕೆ ವಾಲಿತು.

"ಕುತ್ತಿಗಿ ಸೀದಾ ಮಾಡ್ರೋ," ಎಂದ ದೊಡ್ಡಪ್ಪ.

ಇಬ್ಬರು ಗಂಡಸರು ಹಿಡಿದು ನೋಡಿದರು. ಆಗಲಿಲ್ಲ. ಗೂಟಕ್ಕೆ ಬಟ್ಟೆ ಕಟ್ಟಿ ಹಣೆಯನ್ನು ಹಿಡಿದಿಟ್ಟರು. ಬಟ್ಟೆ ಸರಿಯಿತು, ತಲೆ ಮತ್ತೆ ತನ್ನ ಜಾಗಕ್ಕೆ ಹೋಯಿತು. ಸತ್ತವರು ಸೋಗು ಮಾಡುವುದಿಲ್ಲ. ದೊಡ್ಡಪ್ಪ ಅದನ್ನು ನೋಡಿದ. ಅವನು ನೋಡಿದ್ದನ್ನು ನಾನು ನೋಡಿದೆ. ಒಂದು ಮಾತು ಹೇಳುತ್ತಾನೆಂದು ಕಾದೆ. ಅವನು ವಿಭೂತಿಯ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಕಟ್ಟೆಗೆ ಹೋದ. ಅರವತ್ತು ಮಕ್ಕಳನ್ನು ಒಂದೇ ಗದರಿಕೆಗೆ ಸುಮ್ಮನಿರಿಸುತ್ತಿದ್ದ ನನ್ನ ಬಾಯಿಗೂ ಅವತ್ತು ಮಾತು ಬರಲಿಲ್ಲ. ಅವನು ಮುಂದೆ ಬಹಳ ಕಾಲ ಬದುಕಿದ, ಧ್ವಜದ ಕಂಬದಂಥ ಕುತ್ತಿಗೆ ಇಟ್ಟುಕೊಂಡು. ಆ ಕಂಬ ನಿಲ್ಲಿಸಿಕೊಟ್ಟವಳು ನಾನೇ.

ವಿಚಾರಣೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಸದೆ ಬಿಟ್ಟವನು ಶರಣು. ಹೋದ ವರ್ಷ ಅವನ ಮೊಮ್ಮಗಳ ಮದುವೆಗೆ ಸೀರೆ ಆರಿಸಲು ನನ್ನನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಬಜಾರಿನ ಅಂಗಡಿಗೆ ಕರೆದುಕೊಂಡು ಹೋದ. ಹೊರಗೆ ಆಟೋಗಳ ಗದ್ದಲ, ಒಳಗೆ ಸೀರೆ ಬಿಚ್ಚಿ ಎಸೆಯುವವರ ಗದ್ದಲ. ಅವನು ನನ್ನ ಬಲಗಡೆ ಕೂತು ಏನೋ ಎರಡು ಮೂರು ಸಲ ಕೇಳಿದನಂತೆ. ಕೊನೆಗೆ ಹೆಗಲು ಮುಟ್ಟಿದಾಗ ನಾನು ತಿರುಗಿದೆ. ಕುತ್ತಿಗೆ ಬರಲಿಲ್ಲ, ಇಡೀ ಮೈ ತಿರುಗಿಸಿದೆ.

"ಅಕ್ಕಾ, ಥೇಟ್ ನಮ್ಮ ಸಣ್ಣವ್ವನಂಗ ಆದಿ ನೋಡು! ಅಕಿನೂ ಹಿಂಗೇ ಸೋಗು ಮಾಡ್ತಿದ್ಳಂತ, ನಮ್ಮಪ್ಪ ಹೇಳ್ತಿದ್ದ."

ಅಂಗಡಿಯವನೂ ನಕ್ಕ. ಸಣ್ಣವ್ವ ಎಂದರೆ ನನ್ನ ಅವ್ವ. ನಾನು ಒಂದು ಸೀರೆ ಎತ್ತಿ, ಬಣ್ಣ ಚಲೋ ಅದ, ಅಂದೆ. ಮರುದಿನವೇ ವ್ಯಾಯಾಮದ ಕೇಂದ್ರಕ್ಕೆ ಹೆಸರು ಹಚ್ಚಿದೆ.

ಅಲ್ಲಿ ಸಮೀನಾ ಎಂಬ ಹುಡುಗಿ. ಅವಳ ಅಮ್ಮಿ ನನ್ನ ಹಳೆಯ ವಿದ್ಯಾರ್ಥಿನಿ. ಕುತ್ತಿಗೆಗೆ ಕೈ ಹಚ್ಚಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು.

"ಗರ್ದನ್ ಢೀಲಾ ಬಿಡ್ರಿ ಟೀಚರ್. ಹಿಂಗ್ಯಾಕ ಹಿಡದೀರಿ, ಕಳ್ಳರು ಒಯ್ಯಂಗಿಲ್ಲ ಅದಕ್ಕ. ತೋಲ ಸುಧಾರಿಸ್ತಂದ್ರ ಗರ್ದನ್ ತಾನೇ ಸಡ್ಲ ಆಗ್ತದ. ಗ್ವಾಡಿ ಹಿಡ್ಕೊಂಡು ಒಂಟಿ ಕಾಲ ಮ್ಯಾಲೆ ನಿಂದ್ರಿ. ಹತ್ತು ಎಣಸ್ರಿ."

ಮೊದಲ ದಿನ ಮೂರಕ್ಕೆ ಗೋಡೆ ನನ್ನ ಮೇಲೆ ಬಂತು. ವಾರಕ್ಕೆ ಐದಾಯಿತು. ಮನೆಯಲ್ಲಿ ಹಾಲು ಕಾಯುವಾಗ, ಫೋನು ಬಂದಾಗ, ಎಡಗಾಲ ಮೇಲೆ ನಿಂತು ಬಲಗಾಲು ಎತ್ತುತ್ತಿದ್ದೆ. ಎರಡು ತಿಂಗಳಿಗೆ ಗೋಡೆ ಹಿಡಿದು ಹತ್ತು ಬಂತು.

"ಯಾ ಅಲ್ಲಾ! ಟೀಚರ್, ಇಷ್ಟು ಜಿದ್ ಯಾರೂ ಮಾಡಂಗಿಲ್ಲ. ಯಾರಿಗಿ ಒದೀಲಾಕ ತಯಾರಿ ನಡಸೀರಿ?"

"ಒಬ್ಬ ಅದಾನ," ಅಂದೆ.

ಶರಣು ತಾನಾಗಿಯೇ ಬಂದ. ಇದಕ್ಕೆ ಹಿರಿಯರು ಕರ್ಮ ಅನ್ನುತ್ತಾರೆ. ನಾನು ಮೊಬೈಲು ಅನ್ನುತ್ತೇನೆ. ಹೊತ್ತೆಲ್ಲ ದಿಂಬಿಗೆ ಒರಗಿ ಅದನ್ನೇ ನೋಡುವುದು ಅವನ ಕಸುಬು. ಕಲಬುರಗಿಯ ಕೋಟನೂರಿನಲ್ಲಿರುವ ನನ್ನ ಮನೆಯ ಬಾಗಿಲಲ್ಲಿ ಒಂದು ಮಧ್ಯಾಹ್ನ ನಿಂತಿದ್ದ, ತಲೆ ಎಡಕ್ಕೆ ವಾಲಿ ಹೆಗಲು ಮುಟ್ಟುತ್ತಿತ್ತು.

"ಅಕ್ಕಾ, ಸಾಯ್ಲಾಕತ್ತೀನಿ. ನಾಕು ದಿನ ಆತು. ಗುಳಗಿ ನುಂಗ್ದೆ, ಪಟ್ಟಾ ಹಾಕ್ದೆ, ಹೋಗವಲ್ದು. ನಮ್ಮಪ್ಪಗ ಒದ್ದಂಗ ನನಗೂ ಒಂದು ಒದಿ. ನಿನ್ನ ಕಾಲೇ ಗತಿ."

"ಉಣ್ಣುವಾಗ ಎಲ್ಲಿಗಿ ಹೋಗಿರ್ತದ ಬ್ಯಾನಿ?"

"ಆಂ?"

"ಏನಿಲ್ಲ. ಒದೀತೀನಿ. ಮೊದಲ ಒಂದು ಮಾತು ಹೇಳು. ಸಣ್ಣವ್ವನ ಕುತ್ತಿಗಿ ಬ್ಯಾನಿ ಖರೆ ಇತ್ತು, ನಮ್ಮಪ್ಪ ಹೇಳಿದ್ದು ಸುಳ್ಳು, ಅಂತ ಅನ್ನು. ಇಷ್ಟೇ."

"ಈಗ್ಯಾಕಕ್ಕಾ ಸತ್ತವರ ಮಾತು?"

"ಸತ್ತವರು ಕಮಲಾಪುರದಾಗ ಅದಾರ. ಕುತ್ತಿಗಿ ನಿನ್ನ ಹಂತ್ಯಾಕ ಅದ. ಹೇಳ್ತಿಯೋ, ಬಸ್ಸಿಗಿ ಹೋಗ್ತಿಯೋ?"

ಶರಣು ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ಕೂತ. ಕುಳಿತಲ್ಲೇ ಏನೋ ಗೊಣಗಿದ.

"ಬಲಗಿವ್ಯಾಗ ಬಿತ್ತು. ಕೇಳಿಲ್ಲ. ಇನ್ನೊಮ್ಮೆ."

ಇನ್ನೊಮ್ಮೆ ಹೇಳಿದ.

"ಗಂಟು ಅದ ನೋಡು, ಕಿವ್ಯಾಗ. ಜರಾ ಗಟ್ಟಿ."

"ಸಣ್ಣವ್ವನ ಬ್ಯಾನಿ ಖರೆ ಇತ್ತು! ನಮ್ಮಪ್ಪ ಸುಳ್ಳು ಹೇಳಿದ! ಸಾಕೇನು?"

ಬೀದಿಯಲ್ಲಿ ತರಕಾರಿ ಗಾಡಿಯವನು ಗಾಡಿ ನಿಲ್ಲಿಸಿ ನೋಡಿದ. ಎದುರು ಮನೆಯ ಹೆಂಗಸು ಹೊರಗೆ ಬಂದಳು. ಖರೆ ಹೇಳಬೇಕೆಂದರೆ ನನಗೆ ಮೊದಲ ಸಲವೇ ಕೇಳಿಸಿತ್ತು, ಎಡಗಿವಿ ಗಟ್ಟಿಮುಟ್ಟಾಗಿದೆ. ಆದರೆ ಆ ಮಾತು ಬೀದಿಗೂ ಮುಟ್ಟಬೇಕಿತ್ತು. ಆರು ಮಾರು ದೂರ ನಡೆಯಲು ಅದು ತೆಗೆದುಕೊಂಡ ಕಾಲ ನೋಡಿದರೆ ಮೂರು ಸಲ ಹೇಳಿಸಿದ್ದು ಹೆಚ್ಚೇನಲ್ಲ.

ಚೌಕಟ್ಟು ಹಿಡಿದು ಎಡಗಾಲ ಮೇಲೆ ನಿಂತೆ. ನೆಲ ಬಲಕ್ಕೆ ವಾಲಿತು, ನಾನು ವಾಲಲಿಲ್ಲ. ಕಾಲಲ್ಲಿ ಬಲವಿತ್ತು, ತಿಂಗಳುಗಟ್ಟಲೆ ಸಾಕಿದ ಬಲ. ಎದುರಿಗೆ ಅದೇ ಅಗಲ ಬೆನ್ನು, ಅದೇ ಕುತ್ತಿಗೆಯ ಬುಡ. ಒಂದು ಸಲ ಗಟ್ಟಿಯಾಗಿ ಒದ್ದರೆ ಏನಾಗುತ್ತದೆಂದು ಲೋಕದಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ವಾಸಿಯಾಗುತ್ತದೆ. ಆದ್ದರಿಂದ ಶಾಸ್ತ್ರಪ್ರಕಾರ, ಹೆಬ್ಬೆರಳಿನಿಂದ, ಬೆಕ್ಕು ಬಾಲ ಸವರಿದಷ್ಟು, ಮೂರು ಸಲ ಮುಟ್ಟಿಸಿದೆ.

"ಆತೇನು? ಇಷ್ಟೇ ಏನು?"

"ಇಷ್ಟೇ."

"ಹೋಗಿಲ್ಲಲ್ಲಕ್ಕಾ ಬ್ಯಾನಿ!"

"ಕಾದು ನೋಡೋಣು."

ಈ ಸಲ ಬೆಲ್ಲದ ಹರಳನ್ನು ನಾನೇ ಅವನ ಕೈಗೆ ಕೊಟ್ಟು ಕಳಿಸಿದೆ. ಅವನು ಮೆಟ್ಟಿಲಿಳಿದು ಬಸ್ಸಿನ ದಾರಿ ಹಿಡಿದ. ತರಕಾರಿ ಗಾಡಿಯವನು ಬಲಗಡೆಯಿಂದ ಏನೋ ಕೇಳಿದಾಗ ಇಡೀ ಮೈ ತಿರುಗಿಸಿ ಉತ್ತರ ಹೇಳಿದ, ಮತ್ತೆ ಇಡೀ ಮೈ ತಿರುಗಿಸಿ ಮುಂದೆ ನಡೆದ. ಎಡಕ್ಕೆ ವಾಲಿದ ಅವ್ವನ ಕುತ್ತಿಗೆ ಬೀದಿಯ ನಡುವೆ, ಎಲ್ಲರೂ ನೋಡುವಂತೆ, ಹೋಗುತ್ತಿತ್ತು. ನಾನು ಮತ್ತೆ ಬಲಗಾಲು ಎತ್ತಿ, ಚೌಕಟ್ಟಿನಿಂದ ಕೈ ತೆಗೆದೆ. ಒಂಟಿ ಕಾಲ ಮೇಲೆ, ಏನನ್ನೂ ಹಿಡಿಯದೆ, ಅವನು ತಿರುವಿನಲ್ಲಿ ಮರೆಯಾಗುವ ತನಕ ಎಣಿಸುತ್ತ ನಿಂತೆ.

ಇಪ್ಪತ್ಮೂರು ಬಂತು.